ಗುರುವಾರದೊಳಗೆ

ಡಾರ್ಸಿ ರಟ್ಟಿನ ಪೆಟ್ಟಿಗೆಯ ಅಂಟುಪಟ್ಟಿಯನ್ನು ಬ್ಲೇಡಿನಿಂದ ಸೀಳಿದಳು. ಒಳಗಿದ್ದ ಕೋವಿಯ ತೋಟಾ ಡಬ್ಬಿಗಳನ್ನು ತೆಗೆದು, ಎರಡೆರಡನ್ನು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ, ಕೌಂಟರಿನ ಹಿಂದಿನ ಹಲಗೆಯ ಮೇಲೆ ಜೋಡಿಸತೊಡಗಿದಳು. ಎರಡು ಡಬ್ಬಿ, ಒಂದು ಬ್ಯಾಂಡು. ಮತ್ತೆ ಎರಡು ಡಬ್ಬಿ, ಒಂದು ಬ್ಯಾಂಡು. ಅಂಗೈಯಗಲದ ಡಬ್ಬಿಗಳಾದರೂ ಒಳಗೆ ಸೀಸದ ಭಾರ. ಮೂರು ವಾರದಿಂದ ಇದೇ ಕೆಲಸ ಮಾಡಿ ಅವಳ ಬಲಗೈ ಹೆಬ್ಬೆರಳಿನ ಬುಡದಲ್ಲಿ ಒಂದು ನೋವು ಸೇರಿಕೊಂಡಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅಂಗಡಿಯ ಯಜಮಾನ ಹಾಯ್ಟ್ ಲಿಂಡ್‌ಕ್ವಿಸ್ಟ್ ಒಲೆಗೆ ಎರಡು ಕೊರಡು ತುರುಕಿ, ಮೊಣಕಾಲು ಹಿಡಿದುಕೊಂಡು ಎದ್ದು, ಕಾಫಿಯ ಪಾತ್ರೆಯನ್ನು ಅದರ ಮೇಲಿಟ್ಟ. ಅರವತ್ತೆಂಟು ವರ್ಷದ ಮನುಷ್ಯ. ಬೆಳಿಗ್ಗೆ ಬಂದ ಕೂಡಲೇ ಒಬ್ಬರನ್ನೊಬ್ಬರು ಮಾತಾಡಿಸುವುದನ್ನು ಅವರಿಬ್ಬರೂ ಎರಡನೆಯ ವಾರದಲ್ಲೇ ಬಿಟ್ಟುಬಿಟ್ಟಿದ್ದರು. ದಿನವಿಡೀ ಮಾತಾಡುವುದು ಇದ್ದೇ ಇತ್ತಲ್ಲ. ಹಾಯ್ಟ್ ಗಡಿಯಾರ ನೋಡಿದ. ಎಂಟಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಗಾಜಿನ ಬಾಗಿಲಿನಾಚೆ ಪಿಕಪ್ ಗಾಡಿಗಳು ಅಂಗಡಿಗೆ ಮೂತಿಯಿಟ್ಟು ನಿಂತಿದ್ದವು. ನವೆಂಬರ್ ಕೊನೆಯ ಚಳಿಯಲ್ಲಿ ಅವುಗಳ ಹೊಗೆ ನೆಲಬಿಟ್ಟು ಮೇಲೇಳುತ್ತಿರಲಿಲ್ಲ. ಗಾಡಿಯಿಂದಿಳಿದವರು ಜಲ್ಲಿಯ ಮೇಲೆ ಕಾಲು ಕುಟ್ಟುತ್ತಾ ಸಾಲಾಗಿ ನಿಂತಿದ್ದರು.

ಬಾಗಿಲಿಗೆ ಹಾಯ್ಟ್ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದ: ‘ಒಬ್ಬರಿಗೆ ಎರಡೇ ಡಬ್ಬಿ. ವಾದ ಬೇಡ.’ ಅದರ ಕೆಳಗೆ ಯಾರೋ ಪೆನ್ನಿನಲ್ಲಿ ಸೇರಿಸಿದ್ದರು: ‘ವಾದ ಮಾಡದೋರಿಗೆ ಮೂರು ಕೊಡಿ.’

ಗುರುವಾರದಿಂದ ಹೊಸ ಕಾನೂನು. ಕೋವಿ ಕೊಳ್ಳಲು ಆ ಭಾಗದ ಪೊಲೀಸ್ ಮುಖ್ಯಸ್ಥ ಶೆರಿಫ್‌ನ ಕಚೇರಿಯಿಂದ ಪರವಾನಗಿ ಬೇಕು. ಪರವಾನಗಿ ಬೇಕಾದರೆ ತರಗತಿಗೆ ಹೋಗಬೇಕು. ಆ ತರಗತಿ ಎಲ್ಲಿ, ಯಾರು ನಡೆಸುತ್ತಾರೆ ಎಂದು ಶೆರಿಫನಿಗೇ ಗೊತ್ತಿರಲಿಲ್ಲ. ಒಬ್ಬರ ಕೋವಿ ಇನ್ನೊಬ್ಬರ ಕೈಗೆ ಹೋಗಲಿ, ಹೋದದ್ದು ವಾಪಸು ಬರಲಿ, ಅದಕ್ಕೂ ಅದೇ ಕಾಗದ. ನ್ಯಾಯಾಲಯ ತಡೆಯುತ್ತದೆ ಎಂದು ಕೆಲವರು, ಇಲ್ಲ ಎಂದು ಕೆಲವರು. ತೋಟಾಗಳ ಬಗ್ಗೆ ಆ ಕಾನೂನಿನಲ್ಲಿ ಒಂದು ಸಾಲೂ ಇರಲಿಲ್ಲ. ಆದರೂ ಜನ ಮೊದಲು ಖಾಲಿ ಮಾಡಿದ್ದು ತೋಟಾಗಳನ್ನೇ. ಆಮೇಲೆ ಗೋಡೆಯ ಮೇಲಿನ ಕೋವಿಗಳು ಒಂದೊಂದಾಗಿ ಹೋದವು. ಈಗ ಅಲ್ಲಿ ಬರೀ ಮೊಳೆಗಳೂ ಕೋವಿಗಳು ಇದ್ದ ಕಡೆ ಬಿಳಿಚಿದ ಗುರುತುಗಳೂ ಉಳಿದಿದ್ದವು.

ಹಾಯ್ಟ್ ಬೀಗ ತೆಗೆದ.

ಮೊದಲು ಒಳಬಂದವಳು ಆರ್ಡಿತ್ ಬೋಡೆನ್. ಇಪ್ಪತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಹಿಂದೆ ನಿಂತಿದ್ದವರಲ್ಲಿ ಅರ್ಧದಷ್ಟು ಜನ ಅವಳ ಕೈಲಿ ಬೈಸಿಕೊಂಡೇ ದೊಡ್ಡವರಾದವರು. ಅದಕ್ಕೇ ಅವಳು ಸಾಲಿನ ಮುಂದಕ್ಕೆ ಹೋದರೂ ಯಾರೂ ಕೇಳಿರಲಿಲ್ಲ. ಗಾಲಿಕುರ್ಚಿಯಲ್ಲಿ ಮೂರು ಕಂಬಳಿ ಹೊದಿಸಿದ ತಾಯಿಯನ್ನು ತಳ್ಳಿಕೊಂಡು ಬಂದಿದ್ದಳು.

“ಎಲ್ಕ್ ಜಿಂಕೆ ಹೊಡೆಯೋ ದೊಡ್ಡ ತೋಟಾ. ನನಗೆರಡು, ಅಮ್ಮನಿಗೆರಡು.”

“ಆರ್ಡಿತ್, ನಿಮ್ಮಮ್ಮನಿಗೆ ತೊಂಬತ್ತೊಂದು ಕಣೇ,” ಎಂದ ಹಾಯ್ಟ್.

“ವಯಸ್ಸಾದೋರಿಗಿಲ್ಲ ಅಂತ ಎಲ್ಲಿ ಬರೆದಿದೀಯ, ತೋರಿಸು ನೋಡೋಣ. ಒಬ್ಬರಿಗೆ ಎರಡು. ಇವಳು ಒಬ್ಬಳಲ್ವಾ?”

“ಅವರು ಏನನ್ನ ಹೊಡೀತಾರೆ?”

“ಟಿವಿನ. ದಿನಾ ಸುದ್ದಿ ಶುರುವಾದ ಕೂಡಲೇ ಕೋವಿ ಎಲ್ಲಿ ಅಂತ ಕೇಳ್ತಾಳೆ.”

ಮುದುಕಿ ಕಂಬಳಿಯಿಂದ ಮುಖ ಹೊರಗಿಟ್ಟು, “ಕಾಫಿ ಆಗಿದೆಯೇನಪ್ಪಾ?” ಎಂದಳು. ಸಾಲಿನಲ್ಲಿದ್ದವರು ನಕ್ಕರು. ಡಾರ್ಸಿ ನಾಲ್ಕು ಡಬ್ಬಿಗಳನ್ನು ಕಾಗದದ ಚೀಲಕ್ಕೆ ಹಾಕಿ ಕೊಟ್ಟಳು. ಆರ್ಡಿತ್ ಹೊರಗೆ ಹೋಗಲಿಲ್ಲ. ತಾಯಿಯ ಕುರ್ಚಿಯನ್ನು ಒಲೆಯ ಪಕ್ಕಕ್ಕೆ ತಳ್ಳಿ, ತಾನೂ ಬೆಂಚಿನ ಮೇಲೆ ಕೂತು ಕಾಫಿ ಬಗ್ಗಿಸಿಕೊಂಡಳು. ಮನೆಗೆ ಹೋಗಿ ಮಾಡುವುದಾದರೂ ಏನು ಎಂಬಂತಿತ್ತು.

ಅವಳ ಹಿಂದಿದ್ದವನು ಗಾರ್ತ್. ಡಾರ್ಸಿ ಎಂಟನೇ ತರಗತಿಯಲ್ಲಿದ್ದಾಗ ಅವಳ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವನು. ಈಗ ಗಡ್ಡ ಬಿಟ್ಟಿದ್ದ. ಪಿಸ್ತೂಲಿನ ಒಂದು ಜೋಡಿ ಡಬ್ಬಿಯನ್ನು ತೋರಿಸಿದ.

“ಇದಕ್ಕೆ ಪಿಸ್ತೂಲಿದೆಯೇನೋ ನಿನ್ನ ಹತ್ರ?” ಹಾಯ್ಟ್ ಕೇಳಿದ.

“ಇಲ್ಲ.”

“ಮತ್ತೆ?”

“ಯಾವತ್ತಾದರೂ ಒಂದು ಸಿಕ್ಕಿದ್ರೆ? ಆಗ ತೋಟಾ ಇರಬೇಕಲ್ಲ.”

“ಹಸು ಇಲ್ಲದೆ ಹುಲ್ಲು ಕೊಳ್ತಾ ಇದೀಯ.”

“ಹುಲ್ಲು ಮುಗಿದುಹೋಗೋ ಹಾಗಿದೆ ಅಂತ ಎಲ್ಲರೂ ಹೇಳ್ತಿದಾರಲ್ಲ,” ಎಂದ ಗಾರ್ತ್. ಅದರಲ್ಲಿ ತಮಾಷೆ ಇರಲಿಲ್ಲ. ಅವನ ಕಣ್ಣ ಕೆಳಗೆ ಕಪ್ಪಿತ್ತು. ಬಂದವರ ಮುಖಗಳೆಲ್ಲ ಹಾಗೇ ಇದ್ದವು. ಎಷ್ಟೋ ಮೈಲಿ ಗಾಡಿ ಓಡಿಸಿ, ನಾಲ್ಕು ಊರಿನ ಖಾಲಿ ಹಲಗೆಗಳನ್ನು ನೋಡಿ, ಐದನೆಯ ಊರಿಗೆ ಬಂದವರ ಮುಖ. ಕೊಟ್ಟದ್ದನ್ನು ತೆಗೆದುಕೊಂಡು ಹೋಗುವಾಗಲೂ ಯಾರಿಗೂ ಸಮಾಧಾನವಾದಂತೆ ಕಾಣುತ್ತಿರಲಿಲ್ಲ. ಬಾಗಿಲ ಹತ್ತಿರ ನಿಂತು ಇನ್ನೊಮ್ಮೆ ಹಲಗೆಯ ಕಡೆ ನೋಡಿಯೇ ಹೋಗುತ್ತಿದ್ದರು.

ಡಾರ್ಸಿ ಇದನ್ನೆಲ್ಲ ನೋಡುತ್ತಿದ್ದಳು. ಅವಳಿಗೆ ಬರುತ್ತಿದ್ದದ್ದು ಅದೊಂದೇ. ಹದಿನಾರರಲ್ಲಿ, ತಾಯಿ ಹಾಸಿಗೆ ಹಿಡಿದಾಗ, ಶಾಲೆ ಬಿಟ್ಟವಳು. ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಮತ್ತೆ ಶಾಲೆಗೆ ಹೋಗುವ ವಯಸ್ಸು ಆಗಲೇ ದಾಟಿತ್ತು. ಹಾಯ್ಟ್ ಅವಳನ್ನು ಕೆಲಸಕ್ಕೆ ಕರೆದಾಗ, “ನನಗೆ ಮಾತಾಡೋಕೆ ಬರಲ್ಲ,” ಎಂದಿದ್ದಳು. “ಒಳ್ಳೇದಾಯ್ತು. ಇಲ್ಲಿಗೆ ಬರೋರೆಲ್ಲ ಮಾತಾಡೋರೇ,” ಎಂದಿದ್ದ ಅವನು.

ಒಂಬತ್ತೂವರೆಯ ಹೊತ್ತಿಗೆ ಒಬ್ಬ ರೈತ ಹೆಂಡತಿಯೊಂದಿಗೆ ಬಂದ. ತೋಟಾ ಕೇಳಲಿಲ್ಲ. ಸಾಲನ್ನು ಬಿಟ್ಟು ಪಕ್ಕದಲ್ಲಿ, ಟೋಪಿ ಕೈಯಲ್ಲಿ ಹಿಡಿದು ನಿಂತ. ಹಾಯ್ಟ್ ಅವನ ಕಡೆ ನೋಡದೆ ಅವನ ಹೆಂಡತಿಯ ಕಡೆ ನೋಡಿದ. ಅವಳು ಒಮ್ಮೆ ತಲೆ ತಗ್ಗಿಸಿದಳು. ಹಾಯ್ಟ್ ಹಿಂದಿನ ಬಾಗಿಲಿನಿಂದ ಒಳಗೆ ಹೋಗಿ ಒಂದು ಕೋವಿಯನ್ನು ತಂದು, ಅದಕ್ಕೆ ಕಟ್ಟಿದ್ದ ಹಳದಿ ಬಿಲ್ಲೆಯನ್ನು ಕತ್ತರಿಸಿ ಕೊಟ್ಟ. ಮೂವರಲ್ಲಿ ಯಾರೂ ಮಾತಾಡಲಿಲ್ಲ. ಸಾಲಿನಲ್ಲಿದ್ದವರು ಒಲೆಯ ಕಡೆ ತಿರುಗಿ ನಿಂತಿದ್ದರು.

ಹಾಯ್ಟ್‌ನ ಮನೆ ಅಂಗಡಿಯ ಬೆನ್ನಿಗೇ ಇತ್ತು. ಆ ಬಾಗಿಲು ದಾಟಿದರೆ ಬಟ್ಟೆ ಒಗೆಯುವ ಕೋಣೆ. ಅಲ್ಲಿ ಮಷೀನಿನ ಪಕ್ಕದಲ್ಲಿ ಒಂದು ಹಸಿರು ಉಕ್ಕಿನ ಕಪಾಟು. ಅದರಲ್ಲಿದ್ದ ಕೋವಿಗಳು ಮಾರಾಟದವಲ್ಲ, ಅಂಗಡಿಯ ಪುಸ್ತಕಕ್ಕೂ ಸೇರಿದವಲ್ಲ. ಸ್ವಲ್ಪ ದಿನ ಮನೆಯಲ್ಲಿ ಕೋವಿ ಇಲ್ಲದಿರುವುದೇ ವಾಸಿ ಎನಿಸಿದವರು ತಂದು ಕೊಟ್ಟವು. ಯಾಕೆ ಎಂದು ಹಾಯ್ಟ್ ಕೇಳುತ್ತಿರಲಿಲ್ಲ. ಹಸುವಿನ ಕಿವಿಗೆ ಹಾಕುವ ಹಳದಿ ಬಿಲ್ಲೆಯ ಮೇಲೆ ಹೆಸರು ಬರೆದು ಕಟ್ಟಿಡುತ್ತಿದ್ದ, ತಿಂಗಳಿಗೊಮ್ಮೆ ಎಣ್ಣೆ ಒರೆಸುತ್ತಿದ್ದ. ಅವನದು ಒಂದೇ ಕಟ್ಟಳೆ. ಕೊಡುವಾಗ ಯಾರು ಜೊತೆಗೆ ಬಂದಿದ್ದರೋ, ತೆಗೆದುಕೊಳ್ಳುವಾಗಲೂ ಅವರೇ ಜೊತೆಗೆ ಬರಬೇಕು. ಜೊತೆಗೆ ಬಂದವರು ಹೂಂ ಎಂಬಂತೆ ತಲೆ ತಗ್ಗಿಸಿದರೆ ಕೋವಿ ಹೊರಗೆ ಬರುತ್ತಿತ್ತು. ತಲೆ ಅಡ್ಡ ಆಡಿಸಿದರೆ, “ಕಪಾಟಿನ ಬೀಗ ಕಚ್ಚಿಕೊಂಡಿದೆ ಮಾರಾಯ, ಮುಂದಿನ ತಿಂಗಳು ಬಾ,” ಎನ್ನುತ್ತಿದ್ದ. ಬೀಗಕ್ಕೆ ಏನೂ ಆಗಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಅದನ್ನು ಅವನ ಮುಖಕ್ಕೆ ಹೇಳಿರಲಿಲ್ಲ. ಕೊಡಬೇಡ ಎಂಬ ಮಾತನ್ನು ಬಾಯಿಬಿಟ್ಟು ಆಡುವ ಕಷ್ಟ ಯಾರಿಗೂ ಬರದಿರಲಿ ಎಂದೇ ಈ ಏರ್ಪಾಡು.

ಡಾರ್ಸಿಯ ಅಪ್ಪ ಓರಿನ್‌ನ ಕೋವಿಯೂ ಆ ಕಪಾಟಿನಲ್ಲಿತ್ತು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅವಳು ಅಪ್ಪನನ್ನು ಹುಡುಕಿಕೊಂಡು ಟ್ರ್ಯಾಕ್ಟರ್ ಕೊಟ್ಟಿಗೆಗೆ ಹೋಗಿದ್ದಳು. ಅವನು ಬೋರಲು ಹಾಕಿದ ಒಂದು ಬಕೆಟ್ಟಿನ ಮೇಲೆ, ತೊಡೆಯ ಮೇಲೆ ಕೋವಿಯನ್ನಿಟ್ಟುಕೊಂಡು ಕೂತಿದ್ದ. ಯಾವಾಗಿನಿಂದ ಕೂತಿದ್ದನೋ, ತುಟಿ ನೀಲಿಯಾಗಿತ್ತು. ಅವಳನ್ನು ನೋಡಿ, “ಇದನ್ನ ಹಾಯ್ಟ್ ಹತ್ರ ಬಿಟ್ಟು ಬರೋಣ ಕಣಮ್ಮ,” ಎಂದಿದ್ದ. ಹಾಯ್ಟ್‌ನ ಎದುರು ಅವಳು ತಲೆ ತಗ್ಗಿಸಿದ್ದಳು. ಆಮೇಲೆ ಅಪ್ಪ ತಾನಾಗಿಯೇ ಎರಡು ವಾರ ಮಾನಸಿಕ ಆಸ್ಪತ್ರೆಯಲ್ಲಿದ್ದು ಬಂದ.

ಬೇಸಿಗೆಯ ಹೊತ್ತಿಗೆ ಸುಧಾರಿಸಿದ. ಗೋಧಿ ಸಾಗಿಸುವ ಲಾರಿಯ ಕೆಲಸಕ್ಕೆ ಮತ್ತೆ ಹೋದ. ಮೊಟ್ಟೆ ಹುರಿದು ತಾನೇ ತಿನ್ನುತ್ತಿದ್ದ. ಇವತ್ತು ಬೆಳಿಗ್ಗೆ ಗಡ್ಡ ಹೆರೆಯುತ್ತಾ ಶಿಳ್ಳೆ ಹಾಕುತ್ತಿದ್ದ. ಡಾರ್ಸಿ ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದ ಅವನ ಮಾತ್ರೆಯ ಡಬ್ಬಿಯನ್ನು ನೋಡಿದ್ದಳು. ವಾರದ ಏಳು ದಿನಕ್ಕೆ ಏಳು ಮುಚ್ಚಳ. ಇವತ್ತು ಶನಿವಾರ. ಗುರುವಾರದ ಮುಚ್ಚಳವನ್ನು ತೆರೆದಿರಲಿಲ್ಲ. ಶುಕ್ರವಾರದ್ದನ್ನೂ ತೆರೆದಿರಲಿಲ್ಲ.

ಹನ್ನೊಂದಕ್ಕೆ ಅಪ್ಪ ಅಂಗಡಿಗೆ ಬಂದ. ಇಸ್ತ್ರಿ ಮಾಡಿದ ಶರ್ಟಿನ ಮೇಲೆ ಕ್ಯಾನ್ವಾಸ್ ಕೋಟು ಹಾಕಿದ್ದ. ಸಾಲಿನ ಕೊನೆಯಲ್ಲಿ ನಿಂತು ಎಲ್ಲರ ಹಾಗೆ ಮುಂದೆ ಮುಂದೆ ಬಂದ. ಬರುತ್ತಾ ಒಬ್ಬನ ಭುಜ ತಟ್ಟಿದ, ಇನ್ನೊಬ್ಬನ ಮಗುವನ್ನು ಕೇಳಿದ. ಜನಕ್ಕೆ ಅವನೆಂದರೆ ಇಷ್ಟ. ಮಾರ್ಚ್‌ನ ವಿಷಯ ಹಾಯ್ಟ್‌ನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಬೆನ್ನು ನೋವಿಗೆ ಆಸ್ಪತ್ರೆ ಸೇರಿದ್ದ ಎಂದು ಊರು ನಂಬಿತ್ತು.

“ಏನಯ್ಯಾ ಹಾಯ್ಟ್, ಗೋಡೆನಾದ್ರೂ ಉಳಿಸ್ಕೋತೀಯೋ, ಅದನ್ನೂ ಮಾರ್ತೀಯೋ?”

“ಗೋಡೆನೂ ಒಬ್ಬರಿಗೆ ಎರಡೇ,” ಎಂದ ಹಾಯ್ಟ್, ಮುಖವೆತ್ತದೆ. ಆಮೇಲೆ ಯಾರೆಂದು ನೋಡಿ, ಕೈಲಿದ್ದ ಪೆನ್ನು ಕೆಳಗಿಟ್ಟ.

“ನಂದನ್ನ ತಗೊಂಡು ಹೋಗೋಣ ಅಂತ ಬಂದೆ.”

“ಇವತ್ತೇನಾ?”

“ನಾಳೆಯಿಂದ ಲಾರಿ ಮೇಲಿರ್ತೀನಿ, ಬರೋದು ಶುಕ್ರವಾರ.” ಅಪ್ಪ ಕೌಂಟರಿಗೆ ಒರಗಿ ದನಿ ತಗ್ಗಿಸಿದ. “ಆ ಹೊಸ ಫಾರಮ್ಮಿನಲ್ಲಿ ಒಂದು ಪ್ರಶ್ನೆ ಇದೆಯಂತೆ. ಆಸ್ಪತ್ರೆ ಬಗ್ಗೆ.”

“ಹೂಂ. ನೋಡಿದೆ.”

“ಸುಳ್ಳು ಬರೆಯೋನಲ್ಲ ನಾನು. ನಿಜ ಬರೆದ್ರೆ ಮುಗೀತು. ನಮ್ಮಪ್ಪನ ಕೋವಿ ನಿನ್ನ ಒಗೆಯೋ ಕೋಣೇಲೇ ತುಕ್ಕು ಹಿಡೀತದೆ.”

“ತುಕ್ಕು ಹಿಡಿಯಲ್ಲ. ಎಣ್ಣೆ ಹಾಕ್ತಾ ಇದೀನಿ.”

“ಗೊತ್ತು ಮಾರಾಯ. ಅದಕ್ಕಲ್ಲ ನಾನು ಹೇಳಿದ್ದು.” ಅಪ್ಪ ಟೋಪಿ ಸರಿಮಾಡಿಕೊಂಡ. “ನಾನೇ ತಂದು ಕೊಟ್ಟೆ. ಯಾರೂ ಕಿತ್ಕೊಂಡಿದ್ದಲ್ಲ. ಈಗ ಕೊಡಲ್ಲ ಅಂತ ಇನ್ಯಾರೋ ಹೇಳೋ ಹಾಗಾದ್ರೆ, ಅವತ್ತು ಕೊಟ್ಟಿದ್ದೇ ತಪ್ಪಾಯ್ತು ಅನ್ಸುತ್ತೆ. ಹಾಗೆ ಅನ್ನಿಸ್ಬಾರ್ದು ನೋಡು.”

ಹಾಯ್ಟ್ ಹಿಂದಿನ ಬಾಗಿಲ ಕಡೆ ನೋಡಿದ. ಅವನ ಮುಖದಲ್ಲಿ ನಿದ್ದೆ ಇಲ್ಲದ ಮೂರು ವಾರಗಳಿದ್ದವು. ಬೀಗ ಕಚ್ಚಿಕೊಂಡಿದೆ, ಮುಂದಿನ ತಿಂಗಳು ಬಾ ಎನ್ನಲು ಈಗ ಮುಂದಿನ ತಿಂಗಳೇ ಇರಲಿಲ್ಲ.

“ಜೊತೆಗೆ ಬಂದವಳು ಇಲ್ಲೇ ಇದಾಳಲ್ಲ,” ಎಂದ ಅಪ್ಪ, ಗಲ್ಲದಿಂದ ಡಾರ್ಸಿಯ ಕಡೆ ತೋರಿಸಿ.

ಹಾಯ್ಟ್ ಅವಳ ಕಡೆ ತಿರುಗಿದ. ಅಪ್ಪನೂ ನೋಡಿದ. ಅಪ್ಪನ ಹಿಂದೆ ನಿಂತಿದ್ದ ಗಡಸು ದನಿಯವನೊಬ್ಬ, “ಕೊಡಯ್ಯಾ, ಅವನ ಕೋವಿ ಅವನಿಗೆ. ನಮಗೂ ಹೊತ್ತಾಯ್ತು,” ಎಂದ. ಸಾಲಿನ ಇಪ್ಪತ್ತು ಮುಖಗಳು ಒಟ್ಟಿಗೆ ಅವಳ ಕಡೆ ಬಂದವು.

ಬೇಡ ಎನ್ನಬೇಕು ಎಂದು ಡಾರ್ಸಿಗೆ ಗೊತ್ತಿತ್ತು. ಆ ಎರಡು ಮುಚ್ಚಳಗಳ ವಿಷಯ ಹೇಳಬೇಕಾಗಿರಲಿಲ್ಲ, ತಲೆಯನ್ನು ಒಮ್ಮೆ ಅಡ್ಡ ಆಡಿಸಿದ್ದರೆ ಸಾಕಿತ್ತು. ಆದರೆ ಅಡ್ಡ ಆಡಿಸಿದರೆ ಇಷ್ಟು ಜನ ಯಾಕೆ ಎನ್ನುತ್ತಾರೆ. ಬೆನ್ನು ನೋವಿನ ಕಥೆ ಇಲ್ಲೇ, ಈ ಒಲೆಯ ಮುಂದೆಯೇ ಮುಗಿಯುತ್ತದೆ. ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದಿದ್ದ. ಅವಳ ಕಿವಿ ಬಿಸಿಯಾಯಿತು. ಮೊದಲಿನಿಂದಲೂ ಬಹಳ ಜನ ಒಟ್ಟಿಗೆ ನೋಡಿದರೆ ಅವಳ ಕಣ್ಣು ತಾನಾಗಿಯೇ ನೆಲಕ್ಕೆ ಹೋಗುತ್ತಿತ್ತು. ಈಗಲೂ ಹೋಯಿತು. ಕೌಂಟರಿನ ಗಾಜಿನ ಕೆಳಗೆ ಒಂದು ಸತ್ತ ನೊಣ ಬಿದ್ದಿತ್ತು. ಅವಳು ಅದನ್ನು ನೋಡುತ್ತಾ ಉಸಿರು ಕೂಡಿಸಿಕೊಂಡಳು.

ತಲೆಯೆತ್ತುವ ಹೊತ್ತಿಗೆ ಹಾಯ್ಟ್ ಹಿಂದಿನ ಬಾಗಿಲು ದಾಟಿಯಾಗಿತ್ತು. ಅಪ್ಪ ಅವಳನ್ನು ನೋಡಿ ನಕ್ಕ. “ಒಳ್ಳೇ ಹುಡುಗಿ,” ಎಂದ.

ಹಾಯ್ಟ್ ಕೋವಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಆಕ್ರೋಟು ಮರದ ಹಿಡಿ, ತಾತನ ಕೈ ತಾಗಿ ತಾಗಿ ಕಪ್ಪಾದ ಜಾಗ. ಬಿಲ್ಲೆ ಕತ್ತರಿಸಿ, ಪಕ್ಕದ ಬೋಲ್ಟಿನ ಗುಂಡಿ ಹಿಡಿದು ಹಿಂದಕ್ಕೆಳೆದು, ನಳಿಗೆ ಖಾಲಿ ಇರುವುದನ್ನು ವಾಡಿಕೆಯಂತೆ ತೋರಿಸಿದ. ಅಪ್ಪ ಬಗ್ಗಿ ನೋಡಿ ಸರಿ ಎಂದ.

“ಎರಡು ಡಬ್ಬಿ ಕೊಡಮ್ಮ ಇದಕ್ಕೆ,” ಎಂದ ಡಾರ್ಸಿಗೆ. “ನನ್ನ ಪಾಲಿನದು.”

ದೊಡ್ಡ ತೋಟಾದ ಒಂದು ಜೋಡಿ ಉಳಿದಿತ್ತು. ಕೌಂಟರಿನ ಕೆಳಗಿನ ಹಲಗೆಯಲ್ಲಿ, ಅವಳ ಮೊಣಕಾಲಿನ ಹತ್ತಿರ. ಅಪ್ಪ ನಿಂತಿದ್ದ ಕಡೆಯಿಂದ ಅದರ ಒಂದು ಮೂಲೆ ಕಾಣುತ್ತಿತ್ತು. ಡಾರ್ಸಿ ಒಂದು ಹೆಜ್ಜೆ ಸರಿದು ಅದಕ್ಕೆ ಅಡ್ಡ ನಿಂತಳು.

“ಮುಗಿದಿದೆ.”

“ಮುಗೀತಾ?”

“ಮುಗೀತು.”

ಅಪ್ಪ ಅವಳ ಮುಖವನ್ನು ನೋಡಿದ. ಅವಳು ಈ ಸಲ ಕಣ್ಣು ತಗ್ಗಿಸಲಿಲ್ಲ. ಅವನ ನಗು ಹೋಗಲಿಲ್ಲ, ಆದರೆ ಅದು ಇದ್ದಲ್ಲಿಯೇ ನಿಂತುಬಿಟ್ಟಿತು.

“ಹೋಗ್ಲಿ ಬಿಡು,” ಎಂದ ಅವನು.

“ಹೋಗ್ಲಿ ಯಾಕೆ?” ಒಲೆಯ ಹತ್ತಿರದಿಂದ ಆರ್ಡಿತ್ ಎದ್ದಳು. “ನನ್ನ ಹತ್ರ ಅದೇ ಇದೆಯಲ್ಲ. ತಗೋ ಓರಿನ್, ಅಮ್ಮನ ಪಾಲು. ಅವಳಿಗೆ ಟಿವಿ ಒಡೆಯೋಕೆ ಒಂದು ಡಬ್ಬಿ ಸಾಕು.” ಚೀಲಕ್ಕೆ ಕೈ ಹಾಕಿ ಒಂದು ಡಬ್ಬಿ ತೆಗೆದು ಅವನ ಕೋಟಿನ ಜೇಬಿಗೆ ತಾನೇ ಇಳಿಸಿ, ಮೇಲಿನಿಂದ ತಟ್ಟಿದಳು. “ನಿನ್ನ ಹೆಂಡತಿ ನಮ್ಮಮ್ಮನಿಗೆ ಎಷ್ಟು ಸಲ ಸೂಪು ಕಳಿಸಿದ್ಲು, ನಾನೇನು ಮರೆತಿದೀನಾ?”

“ಬೇಡ ಆರ್ಡಿತ್—”

“ಸುಮ್ನಿರೋ. ಬಸ್ಸಿನಲ್ಲೂ ಹೀಗೇ ವಾದ ಮಾಡ್ತಿದ್ದೆ ನೀನು.”

ಸಾಲಿನವರು ಮತ್ತೆ ನಕ್ಕರು. ಅಪ್ಪ ಟೋಪಿ ಮುಟ್ಟಿ ವಂದಿಸಿ, ಕೋವಿಯನ್ನು ತೋಳಿನ ಮೇಲಿಟ್ಟುಕೊಂಡು ಹೊರಗೆ ಹೋದ. ಗಡಸು ದನಿಯವನು ಮುಂದೆ ಬಂದ.

“ದೊಡ್ಡ ತೋಟಾ ಮುಗಿದೇ ಹೋಯ್ತಾ ಹಾಗಾದ್ರೆ?”

“ಇರಬೇಕಲ್ಲ, ಬೆಳಿಗ್ಗೆ ನಾನೇ ನೋಡಿದ್ದೆ,” ಎನ್ನುತ್ತಾ ಹಾಯ್ಟ್ ಬಗ್ಗಿದ. ಡಾರ್ಸಿಯ ಕಾಲಿನ ಹಿಂದಿನಿಂದ ಆ ಜೋಡಿಯನ್ನು ತೆಗೆದು ಕೌಂಟರಿನ ಮೇಲಿಟ್ಟ. ಇಟ್ಟ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಡಬ್ಬಿಗಳನ್ನು ನೋಡಿದ, ಅವಳನ್ನು ನೋಡಿದ.

“ನೀನು ತಲೆ ತಗ್ಗಿಸಿದೆ,” ಎಂದ, ಅವಳಿಗೆ ಮಾತ್ರ ಕೇಳುವಂತೆ.

“ಇಲ್ಲ,” ಎಂದಳು ಡಾರ್ಸಿ. “ಕೆಳಗೆ ನೋಡಿದೆ ಅಷ್ಟೇ.”

ಗಡಸು ದನಿಯವನು ಡಬ್ಬಿಗಳಿಗೆ ಕೈ ಚಾಚಿದ. ಹಾಯ್ಟ್ ಗಮನಿಸಲಿಲ್ಲ. ಬಾಗಿಲಿನ ಗಾಜಿನಾಚೆ ಅಪ್ಪನ ನೀಲಿ ಪಿಕಪ್ ಇನ್ನೂ ನಿಂತಿತ್ತು. ಎದುರಿನ ಗಾಜಿಗೆ ಹಿಡಿದ ಮಂಜು ಕರಗಲೆಂದು ಅಪ್ಪ ಇಂಜಿನ್ ಓಡಿಸುತ್ತಾ ಕೂತಿದ್ದ.

“ನಾನೂ ಬರ್ಲಾ ಅವನ ಹತ್ರ?” ಹಾಯ್ಟ್ ಕೇಳಿದ. ಅವನ ಕೈ ಕೌಂಟರಿನ ಅಂಚನ್ನು ಹಿಡಿದಿತ್ತು.

ಡಾರ್ಸಿ ತಲೆಯನ್ನು ಅಡ್ಡ ಆಡಿಸಿದಳು. ಸೊಂಟದ ಏಪ್ರನ್ ಬಿಚ್ಚಿ ಸ್ಟೂಲಿನ ಮೇಲಿಟ್ಟು, ಕೋಟು ಹಾಕಿಕೊಳ್ಳದೆ ಹೊರಗೆ ಬಂದಳು. ಸಾಲು ಅಂಗಡಿಯ ಮೂಲೆ ದಾಟಿ ರಸ್ತೆಯವರೆಗೂ ಹೋಗಿತ್ತು. ಯಾರೋ, “ಏನಮ್ಮ, ಬಾಗಿಲು ಹಾಕ್ತಿದೀರಾ?” ಎಂದು ಗಾಬರಿಯಿಂದ ಕೇಳಿದರು. ಇಲ್ಲ ಎಂದು ಕೈಯಾಡಿಸಿ ಅವಳು ಪಿಕಪ್ಪಿನ ಬಾಗಿಲು ತೆಗೆದಳು.

ಅವಳು ಕೂರುವ ಸೀಟಿನ ಮೇಲೆ ಕೋವಿ ಇತ್ತು. ಅದನ್ನೆತ್ತಿ, ಕೂತು, ತೊಡೆಯ ಮೇಲೆ ಅಡ್ಡ ಇಟ್ಟುಕೊಳ್ಳದೆ ಬೇರೆ ದಾರಿ ಇರಲಿಲ್ಲ. ಬಟ್ಟೆಯ ಮೂಲಕ ಕಬ್ಬಿಣ ತಣ್ಣಗೆ ತಾಗಿತು. ಹಾಯ್ಟ್ ಹಚ್ಚಿದ ಎಣ್ಣೆಯ ವಾಸನೆ ಬಂತು.

“ಕೆಲಸ ಬಿಟ್ಟು ಬಂದ್ಯಾ?” ಎಂದ ಅಪ್ಪ.

“ಅವರೇ ಬಿಟ್ರು.”

ಗಾಜಿನ ಕೆಳಭಾಗದಲ್ಲಿ ಎರಡು ಅಂಗೈಯಷ್ಟು ಜಾಗ ಕರಗಿತ್ತು. ಅಪ್ಪ ಅದರ ಮೂಲಕವೇ ನೋಡುತ್ತಿದ್ದ.

“ಮುಗಿದಿರಲಿಲ್ಲ ಅಲ್ವಾ?”

“ಇಲ್ಲ.”

“ಸುಳ್ಳು ಹೇಳಿದ್ರೆ ನಿಮ್ಮಮ್ಮನಿಗೂ ಕಿವಿ ಕೆಂಪಾಗ್ತಿತ್ತು.” ಅವನು ಕೈಗವಸು ಹಾಕಿಕೊಂಡ, ಮತ್ತೆ ತೆಗೆದ. “ನಾನು ಚೆನ್ನಾಗಿದೀನಿ ಡಾರ್ಸಿ.”

“ಗುರುವಾರದ ಮಾತ್ರೆ ಡಬ್ಬೀಲೇ ಇದೆ. ಶುಕ್ರವಾರದ್ದೂ ಇದೆ.”

“ಅದು ತಗೊಂಡ್ರೆ ತಲೆ ಮಂಕಾಗುತ್ತೆ. ನಾಳೆಯಿಂದ ಲಾರಿ ಓಡಿಸ್ಬೇಕಲ್ಲ ನಾನು. ಬಂದ್ಮೇಲೆ ತಗೋತೀನಿ.”

ಇರಬಹುದು. ಕಳೆದ ತಿಂಗಳು ಒಂದು ದಿನ ಲಾರಿಯಲ್ಲಿ ತೂಕಡಿಸಿ ರಸ್ತೆಯಂಚಿಗೆ ಇಳಿಸಿದ್ದನೆಂದು ಅವನೇ ಹೇಳಿದ್ದ. ಅವನು ಹೇಳುವುದೆಲ್ಲವೂ ಇರಬಹುದಾದದ್ದೇ. ಶಿಳ್ಳೆಯೂ ಬರೀ ಶಿಳ್ಳೆಯೇ ಇರಬಹುದು. ಬಕೆಟ್ಟಿನ ಮೇಲೆ ಕೂತಿದ್ದ ಆ ದಿನದ ಹಿಂದಿನ ಸಂಜೆಯೂ ಅವನು ಚೆನ್ನಾಗಿಯೇ ಇದ್ದ. ಎರಡು ಸಲ ಬಡಿಸಿಕೊಂಡು ಉಂಡಿದ್ದ.

ಡಾರ್ಸಿ ಬೋಲ್ಟಿನ ಗುಂಡಿಯ ಮೇಲೆ ಬೆರಳಿಟ್ಟಳು. ಗೇಣುದ್ದದ ಕಬ್ಬಿಣದ ತುಂಡು. ಅದನ್ನು ಹೊರಗೆಳೆದುಬಿಟ್ಟರೆ ಗುಂಡು ಹಾರದು, ಕೋವಿ ಬರೀ ಮರ, ಕೊಳವೆ. ಹತ್ತು ವರ್ಷದವಳಾಗಿದ್ದಾಗ ಅದನ್ನು ಬಿಚ್ಚಲು ಅಪ್ಪನೇ ಕಲಿಸಿದ್ದ. ಒಂದು ಕ್ಷಣದ ಕೆಲಸ. ಅವಳು ಬೆರಳನ್ನು ತೆಗೆದಳು, ಎರಡೂ ಕೈಯನ್ನು ಸೀಟಿನ ಮೇಲಿಟ್ಟಳು. ಕೇಳಿಯೇ ತೆಗೆದುಕೊಳ್ಳಬೇಕು.

ಅಪ್ಪ ವೈಪರ್ ಹಾಕಿದ. ಅರೆ ಕರಗಿದ ಮಂಜು ಗಾಜಿನ ಮೇಲೆ ಕರಕರ ಎಂದು ಸರಿಯಿತು. ಅಂಗಡಿಯ ಬಾಗಿಲು ತೆರೆಯಿತು, ಒಬ್ಬ ಹೊರಗೆ ಬಂದ, ಒಬ್ಬ ಒಳಗೆ ಹೋದ. ಸಾಲು ಒಂದು ಹೆಜ್ಜೆ ಮುಂದೆ ಬಂತು.

“ಕೋವಿ ನಿನ್ನ ಕೋಣೇಲೇ ಇರಲಿ ಅಪ್ಪ,” ಎಂದಳು ಡಾರ್ಸಿ. “ಬೋಲ್ಟ್ ನನಗೆ ಕೊಡು.”

ಅಪ್ಪ ಗೇರಿನ ಮೇಲೆ ಕೈಯಿಟ್ಟುಕೊಂಡು ಎದುರಿಗೆ ನೋಡುತ್ತಿದ್ದ. ವೈಪರ್ ಅತ್ತ ಹೋಯಿತು, ಇತ್ತ ಬಂತು. ಗಾಜು ಪೂರ್ತಿ ತಿಳಿಯಾಗಿತ್ತು, ಅವನು ಗಾಡಿಯನ್ನು ಇನ್ನೂ ಹೊರಡಿಸಿರಲಿಲ್ಲ.